ಮಧ್ಯಾಹ್ನ ದಾಟಿದ ಮೇಲೆ ಬಂದ ವೆರ್ನಾ

ವೆರ್ನಾ ಪ್ಯಾಸ್ಕೋ ಬರಿಗೈಯಲ್ಲಿ ನಡೆಯುವಾಗಲೂ ತುಂಬಿದ ಪಾತ್ರೆ ಹಿಡಿದವರ ಹಾಗೆಯೇ ನಡೆಯುತ್ತಿದ್ದರು: ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಹೆಜ್ಜೆಯನ್ನು ಅಳೆದು, ಕಣ್ಣನ್ನು ಎರಡು ಮಾರು ಮುಂದಿನ ನೆಲದ ಮೇಲಿಟ್ಟು. ದಕ್ಷಿಣ ಆಸ್ಟ್ರೇಲಿಯಾದ ಗೋಧಿ ಹೊಲಗಳ ನಡುವಿನ ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಪಾದ್ರಿಗಿಂತ ಮೊದಲು ಅವರ ಕುರಿಮಾಂಸದ ಪಾತ್ರೆ ಆ ಬಾಗಿಲು ಮುಟ್ಟುತ್ತಿತ್ತು; ಅದರ ತಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ ನೀಲಿ ಶಾಯಿಯಲ್ಲಿ ಅವರ ಹೆಸರಿರುತ್ತಿತ್ತು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. “ಬಿಸಿ ಇದೆ, ಹುಷಾರು” ಎಂದಷ್ಟೇ ಹೇಳಿ ಹೊರಟುಬಿಡುತ್ತಿದ್ದರು.

ಅವರ ಒಬ್ಬನೇ ಮಗ ಲೆಯ್ಟನ್, ಹೊಲದಂಚಿನ ಹಳ್ಳದಲ್ಲಿ ನಾಲ್ಕು ಚಕ್ರದ ಬೈಕು ಮಗುಚಿ ಸತ್ತಾಗ, ಊರಿನವರ ಪಾತ್ರೆಗಳೆಲ್ಲ ಅವರ ಅಡುಗೆಮನೆಯ ಮೇಜಿನ ಮೇಲೆ ಸಾಲುಗಟ್ಟಿದವು. ಒಂದರ ಮುಚ್ಚಳವನ್ನೂ ಅವರು ತೆಗೆಯಲಿಲ್ಲ. ಪಾದ್ರಿ ಗ್ರೇಮ್ ಅವರ ಕೈಹಿಡಿದು, “ದೇವರಿಗೆ ಅವನು ಹತ್ತಿರ ಬೇಕಾಗಿದ್ದ, ವೆರ್ನಾ” ಎಂದರು.

“ನನಗೂ ಬೇಕಾಗಿದ್ದ” ಎಂದರು ವೆರ್ನಾ. ಆಮೇಲೆ ಚರ್ಚಿಗೆ ಹೋಗುವುದನ್ನು ನಿಲ್ಲಿಸಿದರು.

ಊರಾಚೆ ಮುಚ್ಚಿಹೋಗಿದ್ದ ಶಾಲೆಯ ಕಟ್ಟಡದಲ್ಲಿ ಆ ವರ್ಷ ನಂದಿಯ ಎಂಬ ಶ್ರೀಲಂಕಾದ ಬೌದ್ಧ ಭಿಕ್ಷುವೊಬ್ಬರು ಬಂದು ನೆಲೆಸಿದ್ದರು; ಎಲ್ಲರೂ ಅವರನ್ನು ಗೌರವದಿಂದ ಭಂತೆ ಎನ್ನುತ್ತಿದ್ದರು. ಕಾಲೇಜಿನಲ್ಲಿ ಓದುತ್ತಿದ್ದ ನಾನು ಗುರುವಾರದ ಸಂಜೆಗಳಲ್ಲಿ ಅಲ್ಲಿಗೆ ಧ್ಯಾನಕ್ಕೆ ಹೋಗುತ್ತಿದ್ದೆ. ಪಾಪದ ಮಾತೆತ್ತದ, ಕ್ಷಮೆ ಬೇಡಿಸದ ಆ ಮೌನ ನನಗೆ ಚರ್ಚಿನ ಹಾಡುಗಳಿಗಿಂತ ಪ್ರಾಮಾಣಿಕವೆನಿಸಿತ್ತು. ಪಕ್ಕದ ಮನೆಯ ವೆರ್ನಾ ಒಂದು ದಿನ ಬೇಲಿಯಾಚೆಯಿಂದ, “ನನ್ನನ್ನೂ ಕರ್ಕೊಂಡು ಹೋಗೇ” ಎಂದರು.

ಊರೆಲ್ಲ ಊಟಕ್ಕೆ ಕೂರುವ ಆರು ಗಂಟೆಗೆ ಸರಿಯಾಗಿ, ಬಿಸಿ ಪಾತ್ರೆ ಹಿಡಿದು ಬಂದ ಅವರನ್ನು ಕಂಡು ಭಂತೆ ಪೇಚಿಗೆ ಸಿಕ್ಕರು.

“ಅಮ್ಮಾ, ಮಧ್ಯಾಹ್ನ ದಾಟಿದ ಮೇಲೆ ನಾನು ಊಟ ಮಾಡಲ್ಲ.”

“ಹಾಗಾದ್ರೆ ನಾಳೆ ಬಿಸಿ ಮಾಡ್ಕೊಳ್ಳಿ.”

“ಎತ್ತಿಟ್ಕೊಳ್ಳೋ ಹಾಗೂ ಇಲ್ಲ.”

“ಅಯ್ಯೋ ಮಾರಾಯ್ರೇ, ನಮ್ಮ ದೇವರೇ ವಾಸಿ, ಅವನಿಗೂ ಇಷ್ಟೊಂದು ಹಠ ಇಲ್ಲ!”

“ಇಲ್ಲಿ ದೇವರೇ ಇಲ್ವಲ್ಲಮ್ಮ, ಹಠ ಎಲ್ಲಾ ನನ್ನದೇ.”

ಎಷ್ಟೋ ತಿಂಗಳ ಮೇಲೆ ವೆರ್ನಾ ನಕ್ಕರು. ಮರಳುವಾಗ ಕಾರಿನಲ್ಲಿ, ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, “ಮೇಲೆ ಯಾರೂ ಇಲ್ಲ ಅಂದ್ರೆ, ಯಾರೂ ಬೇಕಂತ ನನ್ನ ಮಗನನ್ನ ಕರ್ಕೊಂಡು ಹೋಗಿಲ್ಲ ಅಂತಾಯ್ತು. ಅಲ್ವೇನೇ?” ಎಂದರು. ಆ ದನಿಯಲ್ಲಿದ್ದ ನಿರಾಳವನ್ನು ಕೇಳಿ ನಾನು ಬುದ್ಧ ಗೆದ್ದನೆಂದೇ ತಿಳಿದೆ.

ಚಳಿಗಾಲವೆಲ್ಲ ಅವರು ತಪ್ಪದೆ ಬಂದರು. ಕೊನೆಗೊಂದು ಗುರುವಾರ ಭಂತೆಯವರನ್ನು ಕೇಳಿಯೇಬಿಟ್ಟರು: “ನನ್ನ ಮಗ ಈಗ ಎಲ್ಲಿದ್ದಾನೆ?”

“ನನಗೆ ಗೊತ್ತಿಲ್ಲಮ್ಮ. ಅವನನ್ನ ಹಿಡ್ಕೊಂಡಿರೋ ನಿಮ್ಮ ಮನಸ್ಸನ್ನ ನೋಡ್ತಾ ಹೋಗಿ. ಹಿಡಿತ ತಾನಾಗೇ ಸಡಿಲ ಆಗುತ್ತೆ.”

“ಅದೂ ಸಡಿಲ ಆದ್ರೆ, ಅವನದು ಅಂತ ನನ್ನ ಹತ್ರ ಏನು ಉಳಿಯುತ್ತೆ?”

ಭಂತೆ ಒಂದು ಲೋಟ ನೀರು ತಂದು ಅವರ ಮುಂದಿಟ್ಟರು. ಸಮಾಧಾನಕ್ಕೆಂದು ಸುಳ್ಳಾಡಲಿಲ್ಲವೆಂದು ಅವರನ್ನು ಇಂದಿಗೂ ಗೌರವಿಸುತ್ತೇನೆ. ಆದರೆ ಕಳೆದುಕೊಳ್ಳಲು ನನ್ನ ಬಳಿ ಏನೂ ಇಲ್ಲದಿದ್ದ ಕಾಲದಲ್ಲಿ ನಾನು ಬುದ್ಧನನ್ನು ಮೆಚ್ಚಿದ್ದೆನೆಂಬುದು ಅಂದು ನನಗೆ ಮೊದಲ ಬಾರಿಗೆ ಹೊಳೆಯಿತು.

ಮರುಭಾನುವಾರ ವೆರ್ನಾ ತಮ್ಮನ್ನು ಕಾರಿನಲ್ಲಿ ಚರ್ಚಿಗೆ ಕರೆದೊಯ್ಯೆಂದರು. ಸತ್ತವರಿಗಾಗಿ ಪ್ರಾರ್ಥನೆ ಶುರುವಾಗುತ್ತಲೇ ಎದ್ದು ಹೊರಗೆ ಬಂದರು. ನಾನು ಹಿಂದೆಯೇ ಓಡಿದೆ.

“ಜಗಳ ಆಡೋಕೆ ಇಲ್ಲಿ ದೇವರೊಬ್ಬನಾದ್ರೂ ಇದ್ದಾನೆ ಅಂತ ಬಂದೆ. ಈಗ ಅವನಿದ್ದಾನೆ ಅಂತ ನಂಬೋಕೇ ಆಗ್ತಿಲ್ಲ ಕಣೇ. ಆ ನಂಬಿಕೇನೂ ಭಂತೆ ಹತ್ರಾನೇ ಬಿಟ್ಟು ಬಂದಿದ್ದೀನಿ.”

ಅವರನ್ನು ಆ ಶಾಲೆಯ ಬಾಗಿಲಿಗೆ ಕರೆದೊಯ್ದವಳು ನಾನು. ಕಾರಿನ ಬಾಗಿಲು ತೆರೆದೆ.

ಹೆಸರು ಹಿಡಿದು ಕರೆಯುವ ದೇವರೊಬ್ಬನ ಜೊತೆ ಬೆಳೆದವರಿಗೆ, ಅವನು ಕೈಬಿಟ್ಟ ದಿನ, ದೇವರಿಲ್ಲದ ಧರ್ಮ ತಂಪಾದ ನೆರಳಿನಂತೆ ಕಾಣುತ್ತದೆ. ಆದರೆ ದುಃಖದ ಕೊನೆಗಿಂತ ಹೆಚ್ಚಾಗಿ, ದುಃಖಕ್ಕೆ ಉತ್ತರ ಹೇಳಬೇಕಾದ ಒಬ್ಬನು ಅವರಿಗೆ ಬೇಕು. ಅಂಥವನು ಎಲ್ಲೂ ಇಲ್ಲವೆಂದು ಒಮ್ಮೆ ಮನಸ್ಸಿಗೆ ಬಂದ ಮೇಲೆ, ಅವರು ಭಾನುವಾರವನ್ನೂ ಗುರುವಾರವನ್ನೂ ಮನೆಯ ಒಂದೇ ಕುರ್ಚಿಯಲ್ಲಿ ಕುಳಿತು ಕಳೆಯುತ್ತಾರೆ. ದೇವರನ್ನು ಬೇಡಿಕೊಳ್ಳುವುದಿಲ್ಲ, ಸತ್ತವರನ್ನು ಬಿಟ್ಟುಕೊಡುವುದೂ ಇಲ್ಲ.