ಚಟವಿಲ್ಲದ ಬಾಯಿ

"ಸುಭಾಸ, ಆ ಅರಿವಿ ಗಂಟ ಬಿಚ್ಚೋ, ಎಲಿ ಹಾಕೂದೈತಿ," ಎನ್ನುತ್ತ ಸತ್ತೆವ್ವ ಹೆಣದ ಬಾಯಿಗೆ ಹಾಕಲೆಂದು ಕುಟ್ಟಾಣಿಯೊಳಗಿನ ಎಲೆ-ಅಡಿಕೆಯನ್ನು ಮತ್ತೊಮ್ಮೆ ಜಜ್ಜಿದಳು. ಸತ್ತವನು ಅವಳ ತಮ್ಮ ಅಂದಾನೆಪ್ಪ, ಇಂದೂರೆಂಬ ಈ ಹಳ್ಳಿಯ ಹಿಟ್ಟಿನ ಗಿರಣಿಯವನು. ನಿನ್ನೆ ಸಂಜೆ ಗಿರಣಿಯ ಪಟ್ಟಾ ಏರಿಸುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಈಗ ಮೈತುಂಬ ವಿಭೂತಿ ಬಳಿಸಿಕೊಂಡು, ಪಡಸಾಲೆಯ ಗೋಡೆಗೆ ಒರಗಿ ಪದ್ಮಾಸನ ಹಾಕಿ ಕುಳಿತಿದ್ದ. ಅಂಗಳದಲ್ಲಿ ಭಜನೆ ನಡೆದಿತ್ತು. ಕಿರಿಯ ತಮ್ಮ ಸುಭಾಸ ಅಣ್ಣನ ಗದ್ದಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚತೊಡಗಿದ.

ಅಂದಾನೆಪ್ಪನ ಹೆಂಡತಿ ನಿರ್ಮಲಾ ಪಕ್ಕದಲ್ಲೇ ಕುಳಿತಿದ್ದಳು. ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಬೆಳಗಿನಿಂದ ಬಂದವರೆಲ್ಲ ಮಾಲೆ ಹಾಕಿ, ಹೆಣದ ಸೊಟ್ಟ ಗದ್ದ ನೋಡಿ, ಒಂದೇ ಮಾತು ಗೊಣಗಿ ಹೋಗುತ್ತಿದ್ದರು.

"ಗುಟ್ಕಾ ಯಾರನ್ನ ಬಿಟ್ಟೈತಿ ಹೇಳ್ರಿ," ಎಂದಳು ಈಗ ಪಕ್ಕದ ಮನೆಯ ಈರಕ್ಕ.

"ಅವರು ಹೋಗಿದ್ದು ಹಾರ್ಟಿನಿಂದ, ಈರಕ್ಕಾ. ಗುಟ್ಕಾ ಮುಟ್ಟಿದವರಲ್ಲ. ಎಷ್ಟ ಸಲ ಹೇಳಬೇಕ್ರಿ ನಿಮಗ?"

"ಆತು ಬಿಡವಾ. ಹೋದವರ ಮ್ಯಾಲೆ ಯಾಕ ಮಾತು," ಎಂದು ಈರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳ ದನಿ ಅದು. ನಿರ್ಮಲಾಳಿಗೆ ಮೈ ಉರಿದುಹೋಯಿತು. ಮಣ್ಣಿಗೆ ಹೋಗುವ ಮೊದಲಾದರೂ ಈ ಸುಳ್ಳು ಅಪವಾದ ಅವನ ಮೈಮೇಲಿಂದ ಇಳಿಯಬಾರದೇ?

* * *

ಎಂಟು ವರ್ಷದ ಹಿಂದೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಅಂದಾನೆಪ್ಪನ ದವಡೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಸಾವಕಾಶವಾಗಿ ತಿಳಿಸಿ ಹೇಳಿದ್ದರು. ಇದು ಹಲ್ಲು ಹುಟ್ಟುವ ಜಾಗದಿಂದಲೇ ಏಳುವ ಗಂಟು. ಕ್ಯಾನ್ಸರ್ ಅಲ್ಲ, ತಂಬಾಕಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಎಲುಬನ್ನು ಒಳಗೊಳಗೇ ತಿನ್ನುತ್ತದೆ, ಬರೀ ಕೆರೆದು ತೆಗೆದರೆ ಮತ್ತೆ ಬರುತ್ತದೆ. ಎಡದವಡೆಯ ತುಂಡನ್ನೇ ಕತ್ತರಿಸಿ, ಕಾಲಿನ ಸಣ್ಣ ಎಲುಬು ತಂದು ಅಲ್ಲಿ ಕೂಡಿಸಬೇಕು.

"ಹಂಗಾದ್ರ ಇನ್ನ ಮ್ಯಾಲೆ ನಾ ಬಾಯಿ ತಗದ್ರ ಒದ್ದಂಗ ಆಗತೈತಿ ಬಿಡ್ರಿ, ಸಾಹೇಬ್ರ," ಎಂದಿದ್ದ ಅಂದಾನೆಪ್ಪ.

ಆಪರೇಷನ್ ಹತ್ತು ತಾಸು ನಡೆಯಿತು. ಆಮೇಲೆ ಬಾಯಿ ಮೊದಲಿನಷ್ಟು ಅಗಲ ತೆರೆಯಲೇ ಇಲ್ಲ. ಊರಿಗೆ ಮರಳಿದಾಗ ಗಿರಣಿಗೆ ಬಂದವರದೆಲ್ಲ ಒಂದೇ ಪ್ರಶ್ನೆ: "ದಿನಕ್ಕ ಎಷ್ಟ ಪಾಕೀಟ ತಿಂತಿದ್ಯೋ?" ಅವನು ಆಸ್ಪತ್ರೆಯ ರಿಪೋರ್ಟಿಗೆ ಪ್ಲಾಸ್ಟಿಕ್ ಹಾಕಿಸಿ ಗಿರಣಿಯ ಗೋಡೆಗೆ ತೂಗುಹಾಕಿದ. ಅದು ಇಂಗ್ಲಿಷಿನಲ್ಲಿತ್ತು. ಜನ ನೋಡಿ, "ಅಯ್ಯ ಪಾಪ, ಇಷ್ಟುದ್ದ ರೋಗೇನ?" ಎಂದು ಮರುಗಿದರು. ಒಮ್ಮೆ ಯಾರೋ ವ್ಯಸನಮುಕ್ತಿ ಶಿಬಿರದವರು ಅವನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, "ತಂಬಾಕು ತಿಂದರೆ ಹೀಗಾಗುತ್ತದೆ" ಎಂದು ಶಾಲೆಯ ಮಕ್ಕಳಿಗೆ ತೋರಿಸಿದರು. ಅವನು ಮೈಕು ಕೇಳಿದ. ಕೊಡಲಿಲ್ಲ. ಮನೆಗೆ ಬಂದವನೇ ಆ ಶಾಲನ್ನು ಗಿರಣಿಯ ಎಣ್ಣೆ ಒರೆಸಲು ಇಟ್ಟುಕೊಂಡ.

* * *

"ಬಾಯಿ ತಗ್ಯಾಕ ಬರವಲ್ದು," ಎಂದ ಸುಭಾಸ.

"ಇದ್ದಷ್ಟರಾಗ ಸರಸ್ತೇನಿ ತಡಿ," ಎಂದು ಸತ್ತೆವ್ವ ಜಜ್ಜಿದ ಎಲೆಯನ್ನು ಬೆರಳಿನಿಂದ ಒಳಗೆ ತಳ್ಳಿದಳು. ಆಮೇಲೆ ನಡುವಿಗೆ ಸಿಗಿಸಿದ್ದ ಎಲೆ-ಅಡಿಕೆಯ ಚಂಚಿ ಬಿಚ್ಚಿ, ಒಂದು ಚಿಟಿಕೆ ತಂಬಾಕು ತೆಗೆದು ಅದನ್ನೂ ತುಟಿಯ ಸಂದಿಗೆ ಇಟ್ಟಳು.

"ಅಕ್ಕಾರ! ಏನ್ರಿ ಅದು?" ನಿರ್ಮಲಾ ಚೀರಿದಳು.

"ಇರಲಿ ಬಿಡ. ಎಂಟ ವರ್ಷ ನೀವೆಲ್ಲಾ ಕೂಡಿ ಬಿಡಿಸಿದ್ರಿ. ಕಡೀಕರ ಸಮಾಧಾನಲೆ ತಿನ್ನಲಿ ನನ್ನ ತಮ್ಮ." ಸತ್ತೆವ್ವನ ಕಣ್ಣಲ್ಲಿ ನೀರಿತ್ತು. ಪ್ರೀತಿಯಿಂದಲೇ ಹಾಕಿದ್ದಳು.

ನಿರ್ಮಲಾ ಎದ್ದು ಗಂಡನ ಎದುರು ಮಂಡಿಯೂರಿದಳು.

"ವೈನಿ, ಹಾಕಿದ ಎಲಿ ತಗೀಬಾರದ್ರಿ. ಹೊರಗ ಸ್ವಾಮಿಗಳು ಬಂದಾರ," ಎಂದು ಸುಭಾಸ ಅವಳ ಕೈ ಹಿಡಿಯಲು ಹೋದ.

"ಬಿಡು ಕೈ. ಜೀವ ಇದ್ದಾಗಂತೂ ಅವರ ಮಾತ ಯಾರೂ ಕೇಳಲಿಲ್ಲ. ಇದನ್ನ ಬಾಯಾಗ ಇಟಗೊಂಡು ಮಣ್ಣಿಗೆ ಹೋದ್ರ, ನೀವು ಹೇಳಿದ್ದನ್ನ ಅವರೇ ಒಪ್ಪಿದಂಗ ಆತು."

ಅವಳು ತೋರುಬೆರಳನ್ನು ಗಂಡನ ತುಟಿಯೊಳಗೆ ತೂರಿಸಿದಳು. ಹಲ್ಲಿಲ್ಲದ ಎಡಬದಿಯ ಗುಂಟ ಬೆರಳಾಡಿಸಿ, ಎಲೆ, ಅಡಿಕೆ, ತಂಬಾಕು ಎಲ್ಲವನ್ನೂ ಕೆದಕಿ ತೆಗೆದು ನೆಲಕ್ಕೆ ಹಾಕಿದಳು. ಭಜನೆ ನಿಂತಿತು. ಜನ ಬಾಗಿಲಲ್ಲಿ ಮುಗಿಬಿದ್ದರು. ಅವಳ ಕೈಯ ಬಿರುಸಿಗೆ ಹೆಣ ಒಂದು ಕಡೆಗೆ ವಾಲಿತು.

"ಯಾರರ ಹಿಡೀರಿ ಅವರನ್ನ!" ಎಂದು ನಿರ್ಮಲಾ ಕೂಗಿದಳು.

ಯಾರೂ ಮುಂದೆ ಬರಲಿಲ್ಲ. ಕೊನೆಗೆ ಸತ್ತೆವ್ವನೇ ನೆಲದ ಮೇಲೆ ಸರಿಯುತ್ತ ಬಂದು, ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಆನಿಸಿಕೊಂಡಳು. ಎಪ್ಪತ್ತು ದಾಟಿದ ಅವಳ ಎಡಗೆನ್ನೆ, ಬೆಳಗ್ಗೆ ಒತ್ತರಿಸಿಕೊಂಡ ತಂಬಾಕಿನಿಂದ ಇನ್ನೂ ಉಬ್ಬಿಕೊಂಡಿತ್ತು.