ಹೆಬ್ಬೆರಳ ಗುರುತಿನ ಕುಳ್ಳು

ಹೋದ ಮಳೆಗಾಲದಲ್ಲಿ ನೆರೆಮನೆಯವರು ನಿಮ್ಮ ಅಂಗೈಗೆ ಸುರಿದ ಬೀಜವನ್ನು ಏನು ಮಾಡಿದಿರಿ? ಬಿತ್ತಿದಿರಿ, ಬಳ್ಳಿ ಹಬ್ಬಿಸಿದಿರಿ, ಎಳೆಗಾಯಿಗಳನ್ನೆಲ್ಲ ಕಿತ್ತು ತಿಂದಿರಿ. ಮುಂದಿನ ವರ್ಷಕ್ಕೆಂದು ಒಂದೇ ಒಂದು ಕಾಯಿಯನ್ನಾದರೂ ಬಲಿಯಲು ಬಿಟ್ಟಿರಾ? ಉತ್ತರ ಹೇಳುವ ಮೊದಲು, ಹನುಮಸಾಗರದ ದುರುಗವ್ವನ ಹಿತ್ತಲಿನಲ್ಲಿ ಈ ಚಳಿಗಾಲ ನಡೆದದ್ದನ್ನು ಕೇಳಿ.

ಆ ಹಿತ್ತಲು ದೊಡ್ಡದೇನಲ್ಲ. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬದನೆ ಗಿಡ, ಒಂದು ಮಡಿ ಪುಂಡಿಪಲ್ಯ, ಜಾಲಿ ಕಂಬಗಳ ಮೇಲೊಂದು ಚಪ್ಪರ. ಚಪ್ಪರದ ತುಂಬ ಪ್ರತಿವರ್ಷ ಹಬ್ಬುವುದು ಗೊಂಚಲ ಹೀರೆ. ಸಂತೆಯ ಹೀರೆಯಂತೆ ಮೊಳದುದ್ದ ಬೆಳೆಯುವುದಿಲ್ಲ. ಗಿಡ್ಡನೆಯ ಕಾಯಿಗಳು ಐದಾರು ಒಟ್ಟಿಗೆ ತೂಗುತ್ತವೆ. ದುರುಗವ್ವನ ಮದುವೆಯಲ್ಲಿ ಆಕೆಯ ತಾಯಿ ಈ ಬೀಜವನ್ನು ಸೆರಗಿಗೆ ಕಟ್ಟಿ ಕಳಿಸಿದ್ದಳು. ಅಂದಿನಿಂದ ಒಂದು ವರ್ಷವೂ ಬಳ್ಳಿ ತಪ್ಪಿಲ್ಲ. ಕೇಳಿದವರಿಗೆಲ್ಲ ದುರುಗವ್ವ ಬೀಜ ಕೊಟ್ಟಿದ್ದಾಳೆ. ಅಂಗಡಿಯ ಪೊಟ್ಟಣದಲ್ಲಿ ಈ ತಳಿ ಸಿಗುವುದಿಲ್ಲ.

ಎಳ್ಳ ಅಮಾವಾಸ್ಯೆ ಕಳೆದ ಕೂಡಲೇ ಆಕೆ ಎಂದಿನಂತೆ ಚಳಿಗಾಲದ ಕೆಲಸಕ್ಕೆ ನಿಂತಳು. ಒಣಗಿದ ಬಳ್ಳಿಯನ್ನು ಚಪ್ಪರದಿಂದ ಇಳಿಸಿದಳು. ಉದುರಿದ ಬೇವಿನೆಲೆಯನ್ನು ಸುಡದೆ ಗುಡಿಸಿ ಗೊಬ್ಬರದ ಗುಂಡಿಗೆ ತುಂಬಿದಳು. ಬಲಿತು ಒಣಗಿದ ಕಾಯಿಗಳ ತುದಿ ಮುರಿದು ಕರಿಯ ಬೀಜಗಳನ್ನು ಉದುರಿಸಿ, ಬೂದಿ ಬೆರೆಸಿದ ಸೆಗಣಿಯ ಉಂಡೆಗಳೊಳಗೆ ಹುದುಗಿಸಿ, ಬಿಸಿಲು ಬೀಳುವ ಗೋಡೆಗೆ ತಟ್ಟಿದಳು. ಹಾಗೆ ಇಟ್ಟ ಬೀಜಕ್ಕೆ ಮುಂಗಾರಿನವರೆಗೆ ಹುಳ ಬೀಳುವುದಿಲ್ಲ. ಉರುವಲಿಗೆಂದು ತಟ್ಟಿದ ಕುಳ್ಳಿನ ಮೇಲೆ ಐದು ಬೆರಳುಗಳ ಗುರುತು ಇರುತ್ತದೆ; ಬೀಜದ ಕುಳ್ಳಿನ ನಡುವೆ ಹೆಬ್ಬೆರಳು ಒತ್ತಿದ ಒಂದೇ ಕುಳಿ. ಈ ಗುರುತನ್ನು ಮಾತ್ರ ಆಕೆ ಯಾರಿಗೂ ಹೇಳಿರಲಿಲ್ಲ.

ಬನದ ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹೋದ ದುರುಗವ್ವ ಮೂರನೆಯ ದಿನ ಹಿಂದಿರುಗಿದಾಗ ಹಿತ್ತಲ ಗೋಡೆ ಬೋಳಾಗಿತ್ತು. ಸೊಸೆ ಕವಿತಾ ಪಾತ್ರೆ ತಿಕ್ಕುತ್ತ ಕುಳಿತಿದ್ದಳು. ಕಾಲುವೆ ನೀರಾವರಿಯ ಗಂಗಾವತಿಯ ಕಡೆಯಿಂದ ಮದುವೆಯಾಗಿ ಬಂದು ಅವಳಿಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

“ಗ್ವಾಡಿ ಮ್ಯಾಲಿನ ಕುಳ್ಳು ಎಲ್ಲಿ ಅದಾವ, ಕವಿತಾ?”

“ನೀರಿನ ಒಲಿಗೆ ಹಾಕೀನ್ರಿ ಅತ್ತಿ. ಚಳಿ ಭಾಳ ಇತ್ತು. ಕೆಳಗಿನ ರಾಶಿ ಮಂಜಿಗೆ ಹಸಿ ಆಗಿತ್ತು, ಒಣಗಿದ್ದು ಅವಷ್ಟ ಇದ್ವು.”

“ಎಲ್ಲಾನೂ?”

“ಎಲ್ಲಾನೂ ರಿ. ಯಾಕ್ರಿ?”

ದುರುಗವ್ವ ಬಚ್ಚಲ ಕಲ್ಲಿನ ಮೇಲೆ ಕುಳಿತುಬಿಟ್ಟಳು. “ನಮ್ಮವ್ವನ ಹೀರಿ ಸುಟ್ಟು ನೀರು ಕಾಸಿದಿ. ಅದರಾಗ ಬೀಜ ಇದ್ವು. ಹೆಬ್ಬಟ್ಟಿನ ಗುರುತು ಕಣ್ಣಿಗೆ ಕಾಣಲಿಲ್ಲೇನು?”

“ಕಂಡೈತ್ರಿ. ಅದು ಬೀಜದ ಗುರುತು ಅಂತ ಒಂದು ದಿನಾನಾದ್ರೂ ನನಗ ಹೇಳಿದ್ದೀರೇನು?”

ಸುದ್ದಿ ಓಣಿಗೆಲ್ಲ ಹಬ್ಬಿತು. ಎರಡು ಮನೆಯಾಚೆಯ ಹುಲಗಮ್ಮ ನಲ್ಲಿಯ ಬಳಿ ನಿಂತು, “ಕಾಲುವಿ ಸೀಮ್ಯಾಕಿ, ಕುಳ್ಳು ಯಾವಾಗ ಕಂಡಿದ್ಲು” ಎಂದು ನಕ್ಕಳು. ಕಲಿಸದೆ ಬಿಟ್ಟವರನ್ನು ಒಬ್ಬರೂ ಕೇಳಲಿಲ್ಲ; ಕಲಿಯದವಳನ್ನು ಎಲ್ಲರೂ ಬೈದರು. ಇದು ನ್ಯಾಯವೇ?

ಕವಿತಾ ಒಲೆಯ ಬೂದಿಯನ್ನೆಲ್ಲ ಜರಡಿ ಹಿಡಿದಳು. ಒಂದು ಬೀಜವೂ ಉಳಿದಿರಲಿಲ್ಲ. ಕೈ ತೊಳೆದು ಬಂದು ಅತ್ತೆಯ ಎದುರು ನಿಂತಳು. “ಯಾರ್ಯಾರಿಗೆ ಬೀಜ ಕೊಟ್ಟೀರಿ, ಹೆಸರು ಹೇಳ್ರಿ. ಒಬ್ಬರ ಮನಿಯಾಗಾದ್ರೂ ಇರಬೇಕು. ನಾ ತರ್ತೀನಿ.”

ಮೊದಲು ಹೋದದ್ದು ಹುಲಗಮ್ಮನ ಮನೆಗೇ.

“ಹೀರಿ ಬೀಜಾ?” ಎಂದು ಹುಲಗಮ್ಮ ಅಚ್ಚರಿಪಟ್ಟಳು. “ಎಳೀವು ಇದ್ದಾಗ ಹರಕೊಂಡು ಪಲ್ಯ ಮಾಡಿ ತಿಂದ್ವಿ. ನಿಮ್ಮತ್ತಿ ಹೆಂಗೂ ವರ್ಷಾ ಕೊಡ್ತಾಳಲ್ಲ, ನಾವ್ಯಾಕ ಇಟ್ಕೋಬೇಕು?”

“ನಾ ಗೊತ್ತಿಲ್ಲದ ಸುಟ್ಟೆ, ಅತ್ತ್ಯಾರ. ನೀವು ಗೊತ್ತಿದ್ದು ತಿಂದ್ರಿ. ನಕ್ಕವರು ಮಾತ್ರ ನೀವು” ಎಂದು ಕವಿತಾ ಮುಂದೆ ನಡೆದಳು.

ನಿವೃತ್ತ ಗುಮಾಸ್ತ ಶರಣಬಸಪ್ಪನವರ ಹಿತ್ತಲಿಗೆಲ್ಲ ಕಲ್ಲುಹಾಸಿನ ಫರಸಿ ಬಿದ್ದಿತ್ತು. “ಕೆಸರಿನ ಕಾಟ ಇಲ್ಲ ನೋಡವಾ ಈಗ” ಎನ್ನುತ್ತ ಅವರು ಅಟ್ಟದಿಂದ ಒಂದು ಡಬ್ಬಿ ಇಳಿಸಿದರು. ಮುಚ್ಚಳ ತೆಗೆದರೆ ಒಳಗೆ ಹುಳ ತಿಂದು ಬಿಟ್ಟ ಹುಡಿ. ಅವರು ಅದನ್ನೇ ಒಂದು ಕಾಗದದಲ್ಲಿ ಕಟ್ಟಿ ಕೊಡಲು ಹೋದರು. ಕವಿತಾ ಕೈ ಮುಗಿದು ಹೊರಬಂದಳು.

ಓಣಿಯ ಬೇರೆ ಮನೆಗಳಲ್ಲೂ ಬೀಜವಿರಲಿಲ್ಲ. ಕೊನೆಗೆ ಉಳಿದದ್ದು ಒಂದೇ ಹೆಸರು: ಹಸನಬೀ. ಮೊದಲು ಪಕ್ಕದ ಮನೆಯಲ್ಲಿದ್ದು, ಈಗ ಕುಕನೂರಿನಲ್ಲಿ ಮಗಳ ಜೊತೆ ಇರುವ ಮುದುಕಿ. ಮರುದಿನ ಕವಿತಾ ಮೊದಲ ಬಸ್ಸಿಗೆ ಕುಷ್ಟಗಿಗೆ ಹೋಗಿ, ಯಲಬುರ್ಗಾ ಮಾರ್ಗವಾಗಿ ಕುಕನೂರು ತಲುಪಿದಾಗ ಬಿಸಿಲು ಏರಿತ್ತು. ಹಸನಬೀ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಅವಳ ತಲೆಯ ಮೇಲೆ, ತಗಡಿನ ಚಾವಣಿಯ ಅಂಚಿಗೆ ದಾರ ಕಟ್ಟಿದ ಐದು ಒಣ ಹೀರೆಗಳ ಗೊಂಚಲು ತೂಗುತ್ತಿತ್ತು. ಕವಿತಾ ಕೈಚಾಚಿ ಒಂದನ್ನು ಅಲುಗಿಸಿದಳು. ಒಳಗೆ ಬೀಜ ಗಿಲಕೆಯಂತೆ ಸದ್ದು ಮಾಡಿತು.

ಬಂದ ಕಾರಣ ಕೇಳಿ ಹಸನಬೀ ನಕ್ಕಳು. “ನಿಮ್ಮತ್ತಿ ಎಲ್ಲಾ ಕೊಡ್ತಾಳ, ಆ ಗುರುತೊಂದು ಕೊಡಂಗಿಲ್ಲ. ನಾನೂ ಕೇಳಿದ್ದೆ. ನಕ್ಕು ಸುಮ್ಮನಾದ್ಲು. ಎಲ್ಲಿ ಒಲಿಗೆ ಹಾಕಿಬಿಡ್ತೀನೋ ಅಂತ ಹೆದರಿ ನಾ ಕುಳ್ಳಿನಾಗ ಇಡಲೇ ಇಲ್ಲ. ವರ್ಷಾ ಒಂದು ಗೊಂಚಲು ಹಿಂಗ ತೂಗ ಬಿಡ್ತೀನಿ.”

ಆಕೆ ಮೂರು ಕಾಯಿ ಬಿಡಿಸಿಕೊಟ್ಟು ಎರಡನ್ನು ಅಲ್ಲೇ ಬಿಟ್ಟಳು. “ಐದೂ ಕೊಟ್ರ ನಾಳಿ ನಿಮ್ಮ ಮನ್ಯಾಗ ಮತ್ತ ಚಳಿ ಬೀಳ್ತೈತಿ.”

ಸಂಜೆ ದುರುಗವ್ವ ಆ ಮೂರು ಕಾಯಿಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದರ ತುದಿ ಮುರಿದು ಬೀಜ ಉದುರಿಸಿದಳು. ಬೆಳಿಗ್ಗೆ ಸೆಗಣಿ ಕಲಸಿ, ಬೀಜವಿಟ್ಟು ಗೋಡೆಗೆ ತಟ್ಟಿದಳು. ಹೆಬ್ಬೆರಳು ಒತ್ತಲು ಎತ್ತಿದ ಕೈ ಅಲ್ಲೇ ನಿಂತಿತು. “ಬಾ, ನೀ ಒತ್ತು. ತಪ್ಪು ನಂದ ಐತಿ. ನನ್ನ ಬಿಟ್ಟು ಇದು ನಡೀಬಾರದು ಅಂತ ಒಳಗೊಂದು ಆಸೆ ಇತ್ತೇನೋ.”

ಕವಿತಾ ಒತ್ತಿದಳು. ಬಳಿಕ, “ಹುಲಗಮ್ಮತ್ತ್ಯಾರನ್ನೂ ಕರೀರಿ” ಎಂದಳು.

“ಆ ತಿನ್ನಾಕೀನಾ?”

“ಆಕೀನ್ನ. ಬೀಜ ನಮ್ಮ ಒಂದ ಗ್ವಾಡಿ ಮ್ಯಾಲಿದ್ರ ಮತ್ತೊಂದು ಚಳಿಗೆ ಹೋಗ್ತಾವ.”

ಹುಲಗಮ್ಮ ಬಂದಳು, ಓಣಿಯ ಇನ್ನೂ ಮೂವರು ಬಂದರು. ಕವಿತಾ ಒಬ್ಬೊಬ್ಬರ ಕೈಯಿಂದಲೂ ಗುರುತು ಒತ್ತಿಸಿ, ಒಂದೊಂದು ಕುಳ್ಳನ್ನು ಅವರವರ ಗೋಡೆಗೇ ಹಚ್ಚಿಸಿದಳು. ಮುಂದಿನ ಮಳೆಗಾಲದಲ್ಲಿ ಬಳ್ಳಿ ಬಿಡುವ ಮೊದಲ ಗೊಂಚಲು ಬೀಜಕ್ಕೆ, ಅದಕ್ಕೆ ಯಾರೂ ಕೈಹಚ್ಚಕೂಡದೆಂದು ಕಟ್ಟುನಿಟ್ಟಾಗಿ ಹೇಳಿದಳು.

“ಮೊದಲನೇ ಗೊಂಚಲ ಭಾಳ ಎಳೀದಿರ್ತೈತಿ, ಯವ್ವಾ” ಎಂದು ಹುಲಗಮ್ಮ ಗೊಣಗಿದಳು.

“ನೋಡ್ರಿ, ಬಾಯಾಗ ನೀರು ಬರ್ಲಿ. ಕೈ ಮಾತ್ರ ಹಚ್ಚಬ್ಯಾಡ್ರಿ.”

ಓದುಗರೇ, ಪಡೆದು ತಿಂದು ಮರೆತ ಹುಲಗಮ್ಮನೂ ತಪ್ಪಿತಸ್ಥಳೇ, ಕೊಟ್ಟೂ ಕೊಡದಂತೆ ಗುರುತನ್ನು ಮುಚ್ಚಿಟ್ಟ ದುರುಗವ್ವನೂ ತಪ್ಪಿತಸ್ಥಳೇ. ನೀವು ಇವರಿಬ್ಬರಲ್ಲಿ ಯಾರೆಂಬುದು ನಿಮಗೇ ಗೊತ್ತು. ಚಳಿಗಾಲ ಇನ್ನೂ ಮುಗಿದಿಲ್ಲ. ಈ ಹೊತ್ತೇ ಎದ್ದು ಹಿತ್ತಲಿಗೆ ಹೋಗಿ. ಬಳ್ಳಿಯಲ್ಲಿ ಉಳಿದಿರುವ ಒಂದು ಕಾಯಿಯನ್ನು ಬಲಿಯಲು ಬಿಡಿ. ಅದರ ಬೀಜವನ್ನು ಎಲ್ಲಿ, ಹೇಗೆ, ಯಾವ ಗುರುತಿಟ್ಟು ಕಾಯುತ್ತೀರೆಂದು ಮನೆಯ ಒಬ್ಬರಿಗೆ, ನೆರೆಯ ಒಬ್ಬರಿಗೆ, ದಯವಿಟ್ಟು ಇವತ್ತೇ ತೋರಿಸಿಕೊಡಿ.