ಭರಮ ನಡೆದ ಸೀಮೆ

“ಅಂಗಳಾ ತುಳದೀ ಅಂದ್ರ ಕಾಲ ಮುರೀತೀನಿ, ಸೂಳೀಮಗನ! ಹಿತ್ತಲಾಗಿಂದ ಎಳಕೊಂಡು ಹೋಗು.”

ತಮ್ಮಣಗೌಡ ಕಟ್ಟೆಯ ಮೇಲೆ ಕೂತು ಅಡಕೆ ಕತ್ತರಿಸುತ್ತಲೇ ಬೈದ. ಸಿದರಾಯನ ಹೆಗಲಿಗೆ ಹಗ್ಗ, ಹಗ್ಗದ ತುದಿಗೆ ಗೌಡನ ಸತ್ತ ಎಮ್ಮೆ. ಹಿಂದಿನಿಂದ ಹೆಂಡತಿ ಕಾಶವ್ವ ನೂಕುತ್ತಿದ್ದಳು. ಬದುಕಿದ್ದಾಗ ಆ ಎಮ್ಮೆ ದಿನಾ ಅಂಗಳದಲ್ಲೇ ಹಾದು ಹೋಗುತ್ತಿತ್ತು, ಮನಸ್ಸು ಬಂದರೆ ಅಲ್ಲೇ ಸಗಣಿಯನ್ನೂ ಹಾಕುತ್ತಿತ್ತು. ಸತ್ತ ಮೇಲೆ, ಎಳೆಯುವವನ ದೆಸೆಯಿಂದ, ಅದಕ್ಕೂ ಹಿತ್ತಲಿನ ಕೆಸರೇ ಗತಿಯಾಯಿತು.

“ಮತ್ತ ಕೇಳಿಲ್ಲಿ,” ಗೌಡ ಅಡಕೆ ಬಾಯಿಗೆ ಎಸೆದುಕೊಂಡ. “ಈ ಸುಗ್ಗಿಗೆ ನಿಮ್ಮ ಕೇರಿ ಇದ್ದಲ್ಲೇ ಕಣ ಮಾಡಾಂವದೀನಿ. ಗುಡಸಲಾ ಕಿತಗೊಂಡು ಹಳ್ಳದ ದಂಡಿಗೆ ಹೋಗ್ರಿ.”

ಸಿದರಾಯ ಹಗ್ಗ ಬಿಟ್ಟ. “ಯಪ್ಪಾ, ಅದು ಸೀಮಿ ತುಂಡ್ರಿ. ನಮ್ಮ ಮುತ್ಯಾಗ ಇನಾಮ ಕೊಟ್ಟದ್ದು. ನಮ್ಮ ಹೆಣಾನೂ ಅಲ್ಲೇ ಹುಗದೀವ್ರಿ.”

“ಇನಾಮಂತ ಇನಾಮ! ಕಾಗದ ಐತೇನಲೇ? ನಿಮ್ಮ ಮುತ್ಯಾನ ಹೆಸರಿದ್ದದ್ದೊಂದು ಕಾಗದ ತಾ, ನಾನ ನಿನ್ನ ಗುಡಸಲಕ್ಕ ಹೊಸಾ ಹುಲ್ಲ ಹೊಚ್ಚಿಸ್ತೀನಿ.”

ಪಕ್ಕದಲ್ಲಿದ್ದ ಪೂಜಾರಿ ಈರಯ್ಯ ಹೊಟ್ಟೆ ಹಿಡಿದು ನಕ್ಕ. “ಹೊಲ್ಯಾರ ಹೆಸರ ಕಾಗದದಾಗ! ಬರದ ಲೆಕ್ಕಣಿಕಿ ಹೊಳ್ಯಾಗ ತೊಳೀಬೇಕಾದೀತ್ರಿ, ಗೌಡ್ರ.”

ಖಾನಾಪುರದಾಚೆಯ ಆ ಮಳವಾಡದ ಊರಿನಲ್ಲಿ ಭರಮನ ಕತೆ ಕೇರಿಯ ಮಕ್ಕಳಿಗೂ ಗೊತ್ತು. ಹಿಂದೆ ಎರಡು ಊರುಗಳ ನಡುವೆ ಸೀಮೆಯ ಜಗಳ ಬಿದ್ದಿತ್ತು. ಯಾರ ಗದ್ದೆ ಎಲ್ಲಿಗೆ ಮುಗಿಯುತ್ತದೆಂದು ಗೌಡರು ಗೌಡರು ಬಡಿದಾಡಿ ಸೋತು, ಕಡೆಗೆ ಹೊಲೆಯನ ಬಾಯಿಗೆ ಬಂದು ನಿಂತರು. ಭರಮ ಹಸಿ ತೊಗಲನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ಅವನು ಕಾಲಿಟ್ಟಲ್ಲಿ ಗಡಿಕಲ್ಲು. ತೊಗಲು ಹೊತ್ತವನನ್ನು ಯಾರೂ ತಡೆಯುವಂತಿಲ್ಲ, ತಡೆದವನ ವಂಶ ಉಳಿಯುವುದಿಲ್ಲ. ನಡೆದವನು ಸುಳ್ಳು ನಡೆದಿದ್ದರೆ ಆರು ತಿಂಗಳೊಳಗೆ ಅವನ ಮನೆಯಲ್ಲಿ ಹೆಣ ಬೀಳುತ್ತದೆ. ಭರಮ ನಡೆದ. ಸೀಮೆ ನಿಂತಿತು. ಈಗ ಕೇರಿ ಇರುವ ಸೀಮೆಯ ತುಂಡು ಅವನಿಗೆ ಇನಾಮು ಬಂತು.

ಸಿದರಾಯನ ಅಜ್ಜಿ ಕಾಡವ್ವ ಆ ಭರಮನ ಸೊಸೆ. ಸೊಸೆಯಾದವಳು ಮಾವನ ಹೆಸರು ಹಿಡಿಯಬಾರದು, ಹಿಡಿದವಳೂ ಅಲ್ಲ. ಎಮ್ಮೆಯ ತೊಗಲಿಗೆ ಉಪ್ಪು ತಿಕ್ಕುತ್ತಿದ್ದ ಮೊಮ್ಮಗನಿಗೆ ಅಂದು ಅವಳು ಹೇಳಿದ್ದು ಇಷ್ಟೇ: “ಬೆಳಗಾಂವಿ ಕಚೇರ್ಯಾಗ ಇರಬೇಕ ನೋಡೋ. ನಮ್ಮ ಮಾಂವ ನಡದದ್ದು ಎಲ್ಲಾ ಬರಕೊಂಡಾರಂತ. ಹೋಗಿ ತಾ.”

ಬೆಳಗಾವಿಯ ಹೊರಗಿನ ಬಯಲಿನಲ್ಲಿ ಆಗ ಯಾವುದೋ ದೊಡ್ಡ ಸಭೆಯ ತಯಾರಿ ನಡೆದಿತ್ತು. ಸಿದರಾಯ ಅಲ್ಲಿ ಮಣ್ಣು ಹೊತ್ತ. ಎಲ್ಲ ಜಾತಿಯೂ ಒಂದೇ ಎಂದು ಸಾರುವ ಸಭೆಯಂತೆ. ನೀರನ್ನು ಮಾತ್ರ ಮುಕಾದಮ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದ. ಮಣ್ಣು ಹೊತ್ತು ಗಳಿಸಿದ್ದೆಲ್ಲ ಕಚೇರಿಯ ಕಾರಕೂನನ ಕಿಸೆ ಸೇರಿತು. ಆ ಮನುಷ್ಯ ಸಿದರಾಯನನ್ನು ಮೆಟ್ಟಿಲ ಕೆಳಗೆ ಬಿಸಿಲಿಗೆ ನಿಲ್ಲಿಸಿ, “ಏ, ಕಂಬಕ್ಕ ಆತ್ಕೋಬ್ಯಾಡ, ಸರಕಾರಿ ಕಂಬ ಐತಿ” ಎಂದು ಗದರಿಸಿ, ದಿನಗಟ್ಟಲೆ ಕಾಯಿಸಿ, ಕಡೆಗೊಂದು ದಿನ ಹಳೆಯ ಕಾಗದದ ನಕಲನ್ನು ಮೇಲಿನಿಂದಲೇ ಎಸೆದ. ಅದು ಗಾಳಿಗೆ ಹಾರಿ ಗಟಾರದ ಅಂಚಿಗೆ ಬಿತ್ತು.

ಕಚೇರಿಯ ಎದುರು ಆಲದ ಮರದಡಿ ಅರ್ಜಿ ಬರೆಯುವ ಪದ್ಮಾಕರ ಕೂರುತ್ತಿದ್ದ. ಒಳ್ಳೆಯ ಮನುಷ್ಯ.

“ಬಾರೋ ತಮ್ಮಾ, ಓದಿ ಹೇಳ್ತೀನಿ. ಮಹಾತ್ಮಾ ಬರಾಕತ್ತಾರ, ನಿಮಗೂ ಛಲೋ ದಿನಾ ಬಂದಾವ” ಎಂದ. ಎಂದವನು ಚಾಪೆಯನ್ನಷ್ಟೇ ಹಿಂದಕ್ಕೆ ಎಳೆದುಕೊಂಡ. “ಕಾಗದ ಅಲ್ಲೇ ಇಡು, ನಾ ತಗೋತೀನಿ. ಮರಾಠಿ ಮೋಡಿ ಅಕ್ಷರ ಅದಾವ. ಕನ್ನಡದಾಗ ಹೇಳ್ತೀನಿ, ಕೇಳು.”

ಸಿದರಾಯ ಕುಕ್ಕರಗಾಲಲ್ಲಿ ಕೂತ.

ಪದ್ಮಾಕರ ಬೆರಳಿಟ್ಟು ಓದಿದ. ಎರಡೂ ಊರಿನ ಗೌಡರ ಹೆಸರು, ಅವರಪ್ಪಂದಿರ ಹೆಸರು, ಪಕ್ಕದಲ್ಲಿ ನೇಗಿಲಿನ ಚಿತ್ರ. ಬಡಿಗನ ಹೆಸರು, ಉಳಿಯ ಚಿತ್ರ. ಅಕ್ಷರ ಬಾರದವರು ತಮ್ಮ ತಮ್ಮ ಕಸುಬಿನ ನಿಶಾನಿ ಬರೆದು ಒಪ್ಪಿಗೆ ಹಾಕಿದ್ದರು.

“ಊರ ಹೊಲೆಯ. ಕುಡಗೋಲ ನಿಶಾನಿ.”

“ಹೆಸರ್ರಿ?”

“ಹೆಸರಿಲ್ಲ.”

“ಮತ್ತೊಮ್ಮೆ ನೋಡ್ರೆಪಾ. ಭರಮ ಅಂತ. ದೊಡ್ಡ ಹೆಸರಲ್ಲರಿ, ಎಲ್ಲೆರ ಮೂಲ್ಯಾಗ ಹೊಕ್ಕಿದ್ದೀತು.”

ಪದ್ಮಾಕರ ಕಾಗದ ತಿರುವಿ ನೋಡಿದ. “ನಡಿಯೂ ಮುಂದ ಕೋಳಿ ಕೊಯ್ದಾರ, ಅದು ಕರೇದು ಅಂತ ಬರದಾರ. ನಿಮ್ಮ ಮುತ್ಯಾನ ಹೆಸರ ಇಲ್ಲೋ ಮಾರಾಯಾ.” ಆಮೇಲೆ, ಸಮಾಧಾನ ಹೇಳುವವನ ಹಾಗೆ, “ಆದ್ರ ಇನಾಮ ಕೊಟ್ಟದ್ದು ಐತಿ ನೋಡು. ‘ನಡೆದ ಹೊಲೆಯನಿಗೆ ಸೀಮೆಯ ತುಂಡು ಕೊಡಲಾಯಿತು. ಆರು ತಿಂಗಳು ಕಾದು ನೋಡಲಾಗಿ, ಅವನ ಮನೆಯಲ್ಲಿ ಸಾವು ಕೇಡು ಏನೂ ಆಗಲಿಲ್ಲ. ಆದಕಾರಣ ಸೀಮೆ ಖರೇ.’”

ಅಷ್ಟಾದರೂ ಸಾಕೆಂದು ಸಿದರಾಯ ಕಾಗದವನ್ನು ರುಮಾಲಿನಲ್ಲಿ ಕಟ್ಟಿಕೊಂಡು ಊರ ಹಾದಿ ಹಿಡಿದ.

ಕೇರಿ ಇರಲಿಲ್ಲ.

ಗುಡಿಸಲುಗಳಿದ್ದಲ್ಲಿ ನೆಲ ಬಡಿದು, ಸಗಣಿ ಸಾರಿಸಿ, ಕಣ ಮಾಡಿದ್ದರು. ನಡುವೆ ಭತ್ತದ ರಾಶಿ. ಈರಯ್ಯ ಅದಕ್ಕೆ ಹೂವು ಏರಿಸುತ್ತಿದ್ದ. ಹಳ್ಳದ ದಂಡೆಯಲ್ಲಿ ಕೇರಿಯವರ ಗಡಿಗೆ, ಚಾಪೆಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

ಸಿದರಾಯ ಕಣದ ಹೊರಗೆ ನಿಂತು ಕಾಗದವನ್ನು ನೆಲದ ಮೇಲಿಟ್ಟ. “ತಂದೀನ್ರಿ, ಗೌಡ್ರ.”

ಈರಯ್ಯ ಬಂದ. ಹೊಲೆಯ ಮುಟ್ಟಿದ ಕಾಗದವನ್ನು ಹಾಗೇ ಎತ್ತುವಂತಿಲ್ಲವಲ್ಲ, ತಂಬಿಗೆಯ ನೀರು ಚಿಮುಕಿಸಿದ. ಒಮ್ಮೆ ಸಾಲದೆಂದು ಮತ್ತೊಮ್ಮೆ ಚಿಮುಕಿಸಿದ. ಮಸಿ ಹರಿದು ಗೌಡರು, ಬಡಿಗರು, ಕರಿಯ ಕೋಳಿ ಎಲ್ಲ ಒಂದಾದರು. ಕುಡುಗೋಲೊಂದು ಹೇಗೋ ಉಳಿಯಿತು.

ಗೌಡ ಕಾಗದವನ್ನು ತುದಿಬೆರಳಲ್ಲಿ ಹಿಡಿದು ನೋಡಿದ. “ಹೆಸರೆಲ್ಲೈತಲೇ? ಬರೇ ಕುಡಗೋಲ ಐತಿ. ಕುಡಗೋಲು ನಮ್ಮನ್ಯಾಗೂ ಅದಾವ. ಹಂಗಾದ್ರ ನಾನೂ ನಿಮ್ಮ ಮುತ್ಯಾನೇನೋ?”

ಕಣದ ಆಳುಗಳು ನಕ್ಕರು. ಸಿದರಾಯನಿಗಿಂತ ಬಡವರೂ ನಕ್ಕರು.

ಹಳ್ಳದ ದಂಡೆಯಲ್ಲಿ ಕಾಡವ್ವ ಒಂದು ಗಡಿಗೆಗೆ ಒರಗಿ ಕೂತಿದ್ದಳು. ಕಾಗದದಲ್ಲಿ ಏನಿತ್ತೆಂದು ಸಿದರಾಯ ಹೇಳುತ್ತ ಹೋದ, ಅವಳು ಹೂಂಗುಟ್ಟುತ್ತ ಹೋದಳು. ‘ಸಾವು ಕೇಡು ಏನೂ ಆಗಲಿಲ್ಲ’ ಎಂಬಲ್ಲಿಗೆ ಬಂದಾಗ ಮುದುಕಿ ಕ್ಯಾಕರಿಸಿ ಉಗುಳಿದಳು.

“ಆಗಲಿಲ್ಲಂತ? ಯಾವ ಬಾಡ್ಯಾ ಬರದಾಂವ? ನಡದ ಎರಡ ತಿಂಗಳಿಗೆ ನಮ್ಮ ಅತ್ತೀದು ತೊಟ್ಟಲದಾಗಿನ ಕೂಸ ಹೋತೋ. ಅತ್ತರ ಊರಿಗೆ ಕೇಳತೈತಿ. ಕೇಳಿದರ ಸೀಮಿ ಸುಳ್ಳಾತು ಅಂತಾರ, ಗೌಡ್ರು ಜೀವಂತ ಬಿಡತಾರೇನು? ನಮ್ಮ ಮಾಂವ ಅತ್ತೀ ಬಾಯಾಗ ರುಂಬಾಲ ತುರುಕಿದ. ಒಲೀ ಬಾಜೂಕ ತಗ್ಗ ತಗದು ಕೂಸಿನ್ನ ಹುಗದ. ಮುಂಜಾನೆದ್ದು ಅಕಿ ಗೌಡ್ರ ಗದ್ದಿಗೆ ಹೋಗಿ ಎಲ್ಲಾರ ಕೂಡ ನಕ್ಕೋತ ನಾಟಿ ಹಚ್ಚಿದಳು. ಕೂಸೆಲ್ಲೆ ಅಂದವರಿಗೆ ತವರಮನ್ಯಾಗ ಬಿಟ್ಟೀನಿ ಅಂದಳು. ಆಮ್ಯಾಲ ಜ್ವರಾ ಬಂದು ಅಲ್ಲೇ ಹೋತು ಅಂದಳು, ಆರು ತಿಂಗಳು ತುಂಬಿದ ಮ್ಯಾಲ. ಸಾಯೂ ಮುಂದ ನನ್ನ ಕೈ ಹಿಡದು, ‘ನಾ ಅಳಲಿಲ್ಲ ಕಾಡವ್ವಾ, ನೀನರ ಒಂದಿನ ಅಳು’ ಅಂತ ಹೇಳಿ ಸತ್ತಳು.”

“ನೀ ಯಾಕ ಅಳಲಿಲ್ಲವ್ವಾ ಆಯಿ?” ಕಾಶವ್ವ ಕೇಳಿದಳು.

“ಯಾವಾಗ ಅಳಲೇ? ದಿನಾ ಅವರ ಕೂಳ ತಿಂದೀವಲಾ.”

ಸಿದರಾಯ ಕಣದ ಕಡೆ ನೋಡಿದ. ಆ ಒಲೆ ಇದ್ದ ಜಾಗ ಈಗ ರಾಶಿಯ ಅಡಿಯಲ್ಲಿತ್ತು. ಎದ್ದು ಹೋಗಿ, ಮಡಚಿಟ್ಟಿದ್ದ ಎಮ್ಮೆಯ ತೊಗಲನ್ನು ಹಳ್ಳದಲ್ಲಿ ಮುಳುಗಿಸಿದ. ತೊಗಲು ನೀರು ಕುಡಿದು ಮತ್ತೆ ಹಸಿಯಾಯಿತು, ನಾತ ಎದ್ದಿತು. ಎರಡೂ ಕೈಯಿಂದ ಎತ್ತಿ ತಲೆಯ ಮೇಲೆ ಹಾಕಿಕೊಂಡ.

“ನಡೀ ಆಯಿ. ಹಾದಿ ಹೇಳು.”

ಹಳ್ಳದಿಂದ ಹುಣಸೆಮರ, ಹುಣಸೆಮರದಿಂದ ಕಣ. ಮುಂದೆ ಕಾಶವ್ವನ ಕೈ ಹಿಡಿದ ಮುದುಕಿ, ಹಿಂದೆ ತೊಗಲು ಹೊತ್ತ ಸಿದರಾಯ. ಸಾರಿಸಿದ ಕಣದ ಮೇಲೆ ಅವರ ಕೆಸರುಗಾಲು ಬಿತ್ತು.

“ಹಿಡೀರಲೇ ಅವನ್ನ! ಬಡೀರಿ!” ಗೌಡ ಚೀರಿದ.

ಆಳುಗಳು ಕೋಲು ಹಿಡಿದು ಬಂದು, ಹತ್ತಿರ ಬಂದು, ನಿಂತರು. ಬಡಿದರೆ ತೊಗಲಿನ ನೀರು ಸಿಡಿಯುತ್ತದೆ. ಹಿಡಿದರೆ ಮುಟ್ಟಬೇಕಾಗುತ್ತದೆ.

“ಮುಟ್ಟೂದ ಹೆಂಗ್ರೀ, ಗೌಡ್ರ?” ಒಬ್ಬ ಕೇಳಿದ.

ಗೌಡ ಈರಯ್ಯನನ್ನು ನೋಡಿದ. ಈರಯ್ಯ ಪಂಚೆ ಎತ್ತಿಕಟ್ಟಿಕೊಂಡು ಆಗಲೇ ಬದುವಿನ ಆಚೆ ಇದ್ದ. “ಹಸೀ ತೊಗಲ ಹೊತ್ತಾನ್ರಿ! ಅಡ್ಡ ಹೋಗಬ್ಯಾಡ್ರಿ!”

ಕಾಡವ್ವ ರಾಶಿಯ ಬುಡದಲ್ಲಿ ಕುಸಿದು ಕೂತಳು. ಭತ್ತವನ್ನು ಎರಡೂ ಕೈಯಿಂದ ಸರಿಸಿದಳು, ನೆಲ ತಡವಿದಳು, ಉಗುರಿನಿಂದ ಸಗಣಿಯ ಪದರ ಕೆರೆದಳು. ಆಮೇಲೆ ಎದೆ ಬಡಿದುಕೊಂಡು ದನಿ ಎತ್ತಿದಳು.

“ಭರಮಾ! ಓ ಭರಮಪ್ಪಾ! ನಿನ್ನ ಕೂಸು ಸತ್ತೈತೋ! ಇವರ ಸೀಮಿ ಸುಳ್ಳೈತೋ!”

ಮಾವನ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು.

“ಏ ಮುದುಕೀ, ಬಾಯಿ ಮುಚ್ಚು! ಯಾರ ಸತ್ತಾರ ಅಂತ ಅಳ್ತಿ?” ಗೌಡನ ದನಿ ಒಡೆದಿತ್ತು. ಹಳ್ಳದಾಚೆ ಗದ್ದೆ ಕೊಯ್ಯುತ್ತಿದ್ದ, ಹಿಂದೆ ಸೀಮೆಗಾಗಿ ಬಡಿದಾಡಿದ್ದ ಪರವೂರಿನವರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ ಈಚೆ ನೋಡತೊಡಗಿದ್ದರು. ಕಾಶವ್ವ ಮುದುಕಿಯ ಪಕ್ಕ ಕೂತು ತಾನೂ ದನಿಗೂಡಿಸಿದಳು. ಹಳ್ಳದ ದಂಡೆಯಿಂದ ಕೇರಿಯ ಹೆಂಗಸರು ಎದ್ದು, ಅಳುತ್ತಲೇ ಬರುತ್ತಿದ್ದರು.

ತೊಗಲಿನ ನೀರು ರಾಶಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಸಿದರಾಯ ತೊಗಲು ಇಳಿಸಲಿಲ್ಲ.